ಹಿತ್ತಿಲ ಕೊಳಕ್ಕೆ ಹೊದಿಕೆ: ದಿನಚರಿಯ ಕೆಲವು ಪುಟಗಳು

ಹಿಲ್ಸ್‌ಬರೋ, ನ್ಯೂಜೆರ್ಸಿ
2024, ಸೆಪ್ಟೆಂಬರ್ 2, ಸೋಮವಾರ

ಇವತ್ತು ಲೇಬರ್ ಡೇ. ಈ ಕಡೆ ಬೇಸಿಗೆ ಮುಗಿಯಿತು ಅನ್ನುವುದಕ್ಕೆ ಇದೇ ಗುರುತು. ಸಾರ್ವಜನಿಕ ಈಜುಕೊಳಗಳು ಇವತ್ತು ಸಂಜೆ ಬಾಗಿಲು ಹಾಕುತ್ತವೆ. ನಾಳೆಯಿಂದ ಮನೆಮನೆಯ ಪೂಲ್ ಮುಚ್ಚುವ ಕಂಪನಿಗಳ ವ್ಯಾನುಗಳು ಓಡಾಡತೊಡಗುತ್ತವೆ. ನಮಗೂ ಒಂದು ಫೋನ್ ಬಂತು. ಈ ವಾರವೇ ಬಂದು ಮುಚ್ಚಿಕೊಡುತ್ತೇವೆ, ಆಮೇಲೆ ದಿನ ಸಿಗುವುದು ಕಷ್ಟ ಅಂದರು. ಬೇಡ ಅಂದೆ.

ನೀರು ಇನ್ನೂ 76 ಡಿಗ್ರಿ ಫ್ಯಾರನ್‌ಹೀಟ್ ಇದೆ, ನಮ್ಮೂರ ಲೆಕ್ಕದಲ್ಲಿ 24ರ ಮೇಲೆ. ಇಷ್ಟು ಬೆಚ್ಚಗಿರುವ ನೀರನ್ನು ಮುಚ್ಚಿ, ಪಂಪು ನಿಲ್ಲಿಸಿಬಿಟ್ಟರೆ ಹಾಕಿದ ಕ್ಲೋರಿನ್ ಕೆಲವೇ ವಾರಗಳಲ್ಲಿ ಕರಗಿಹೋಗುತ್ತದೆ. ಉಳಿದ ಬೆಚ್ಚನೆಯ ದಿನಗಳಲ್ಲಿ ಪಾಚಿ ಹಾಯಾಗಿ ಬೆಳೆಯುತ್ತದೆ. ನೀರು 60 ಡಿಗ್ರಿಗೆ, ಅಂದರೆ ಸುಮಾರು 15 ಸೆಲ್ಸಿಯಸ್‌ಗೆ ಇಳಿದ ಮೇಲೆ ಪಾಚಿಯ ಓಟ ನಿಧಾನವಾಗುತ್ತದೆ. ಅಲ್ಲಿಯವರೆಗೆ ಕಾಯುವುದೇ ಸರಿ. ಕಂಪನಿಯವರಿಗೆ ಸೆಪ್ಟೆಂಬರ್ ಅನುಕೂಲ, ನೀರಿಗೆ ನವೆಂಬರ್ ಅನುಕೂಲ. ನಾನು ನೀರಿನ ಪರ.

ಸೆಪ್ಟೆಂಬರ್ 8, ಭಾನುವಾರ

ನಿನ್ನೆ ಚೌತಿ. ಇವತ್ತು ಗಣಪತಿ ಬಿಡುವ ಹೊತ್ತಿಗೆ ಬಂದವರೆಲ್ಲ ಒಂದೇ ಮಾತು: “ಹಿತ್ತಿಲಲ್ಲೇ ಇಷ್ಟು ದೊಡ್ಡ ಕೊಳ ಇರುವಾಗ ಬಕೆಟ್ ಯಾಕೆ?” ಕರಗಿದ ಜೇಡಿಮಣ್ಣು ಫಿಲ್ಟರಿನ ಮರಳಿನಲ್ಲಿ ಹೋಗಿ ಕೂತರೆ ತೆಗೆಯುವುದು ಸುಲಭವಲ್ಲ ಎಂದು ಹೇಳಿದೆ. ಕ್ಲೋರಿನ್ ನೀರಿಗೆ ದೇವರನ್ನು ಬಿಡಲು ಮನಸ್ಸು ಒಪ್ಪುವುದೂ ಇಲ್ಲ. ಮೇಪಲ್ ಮರದ ಕೆಳಗೆ ದೊಡ್ಡ ಬಕೆಟ್ಟಿನಲ್ಲಿ ಬಿಟ್ಟೆವು, ಮಣ್ಣು ಕರಗಿದ ನೀರು ಮರದ ಬುಡಕ್ಕೇ ಹೋಯಿತು. ಮೊಮ್ಮಗಳು ಪುಟ್ಟಿ ಅಮ್ಮನ ಕೈ ಬಿಡಿಸಿಕೊಂಡು ಬಕೆಟ್ಟಿನ ಸುತ್ತ ಮೂರು ಸಲ ಓಡಿದಳು. ಹೋದ ವರ್ಷ ಅಂಬೆಗಾಲಿಡುತ್ತಿದ್ದ ಮಗು.

ಸೆಪ್ಟೆಂಬರ್ 21, ಶನಿವಾರ

ಹೊದಿಕೆಯ ವಿಚಾರ ಇವತ್ತು ತೀರ್ಮಾನವಾಯಿತು. ಮನೆ ಕೊಂಡಾಗ ಜೊತೆಗೆ ಬಂದ ನೀಲಿ ಟಾರ್ಪಾಲು ಅಂಚಿನಲ್ಲಿ ಹರಿದಿದೆ. ಅಂಥದ್ದೇ ಇನ್ನೊಂದು ತಂದು, ಸುತ್ತಲೂ ನೀರು ತುಂಬಿದ ಚೀಲಗಳನ್ನಿಟ್ಟು ಬಿಗಿಮಾಡಿದರೆ ಆಯಿತು, ಖರ್ಚು ಕಡಿಮೆ ಎಂಬುದು ನಮ್ಮ ಯಜಮಾನರ ವಾದ. ಎಲೆ ಬೀಳದಂತೆ ತಡೆಯಲು ಟಾರ್ಪಾಲು ಸಾಕು, ನಿಜ. ಆದರೆ ಅದು ನೀರಿನ ಮೇಲೆ ಸುಮ್ಮನೆ ತೇಲುವ ಹಾಳೆ. ಮಳೆ ಬಂದರೆ ಅದರ ಮೇಲೇ ನೀರು ನಿಲ್ಲುತ್ತದೆ, ಎಲೆ ಕೊಳೆತು ಜಾರುತ್ತದೆ. ಓಡಿಬಂದ ಮಗು ಅದರ ಮೇಲೆ ಕಾಲಿಟ್ಟರೆ ಹಾಳೆ ಮಗುವನ್ನೇ ಸುತ್ತಿಕೊಂಡು ಕೆಳಗೆ ಹೋಗುತ್ತದೆ. ನಿಂತ ಮಳೆನೀರು ಅರ್ಧ ಅಡಿ ಇದ್ದರೂ ಒಂದೂವರೆ ವರ್ಷದ ಮಗುವಿಗೆ ಅಪಾಯವೇ.

ಈ ದೇಶದಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ನೀರಿನಲ್ಲಿ ಮುಳುಗುವುದು. ಇಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ವರ್ಷ ವರ್ಷವೂ ಹೇಳುತ್ತಿರುವ ಮಾತಿದು. ಬೇಸಿಗೆಯಲ್ಲಿ ಕೊಳದ ಸುತ್ತ ಹತ್ತು ಕಣ್ಣುಗಳಿರುತ್ತವೆ. ಚಳಿಗಾಲದಲ್ಲಿ ಕಿಟಕಿಯ ಪರದೆಯನ್ನೇ ಎಳೆದಿರುತ್ತೇವೆ. ಹಿತ್ತಿಲಿಗೆ ಮೂರು ಕಡೆ ಬೇಲಿ, ತಾನೇ ಮುಚ್ಚಿಕೊಳ್ಳುವ ಗೇಟು ಎಲ್ಲ ಇವೆ. ನಾಲ್ಕನೆಯ ಕಡೆ ಮನೆಯದೇ ಗೋಡೆ, ಅಡುಗೆಮನೆಯ ಜಾರುಬಾಗಿಲು ನೇರ ಕೊಳದ ಕಡೆಗೇ ತೆರೆಯುತ್ತದೆ.

ತವರಿಗೆ, ಸಾಗರಕ್ಕೆ ಫೋನ್ ಮಾಡಿದಾಗ ಅಮ್ಮನಿಗೆ ಇದನ್ನೆಲ್ಲ ವಿವರಿಸುವ ಕೆಲಸವೇ ಬೀಳಲಿಲ್ಲ. “ಬಾವಿಗೆ ಕಟ್ಟೆ ಇಲ್ದೇ ಮಕ್ಕಳ ಮನೇಲಿ ಹ್ಯಾಗೆ ನಿದ್ದೆ ಮಾಡ್ತೀಯೆ ಮಾರಾಯ್ತಿ? ಮೊದ್ಲು ಅದೊಂದು ಮಾಡ್ಸು” ಅಂದರು. ಅಜ್ಜನ ಮನೆಯ ಬಾವಿಯಲ್ಲೇ, ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವಳು ನಾನು. ಆ ಬಾವಿಗೆ ಸೊಂಟದೆತ್ತರದ ಕಟ್ಟೆ ಇತ್ತು, ಮಳೆಗಾಲದಲ್ಲಿ ಅಡಿಕೆ ದಬ್ಬೆಯ ಮುಚ್ಚಳವೂ ಬೀಳುತ್ತಿತ್ತು.

ಸೇಫ್ಟಿ ಕವರ್ ತರಿಸುವುದೆಂದೇ ನಿಶ್ಚಯಿಸಿದೆವು. ಎಎಸ್‌ಟಿಎಂ ಎಫ್1346 ಎಂಬ ಮಾನಕದ ಮುದ್ರೆ ಇದ್ದರೆ ಮಾತ್ರ ಅದು ಸೇಫ್ಟಿ ಕವರ್. ನಮ್ಮ ಕೊಳದಷ್ಟು ಅಗಲಕ್ಕೆ 485 ಪೌಂಡ್, ಅಂದರೆ 220 ಕಿಲೋ ಭಾರ ಹೊರಬೇಕು. ಮಗು ಬಿದ್ದು, ಎತ್ತಲು ಇಬ್ಬರು ದೊಡ್ಡವರು ಹೊದಿಕೆಯ ಮೇಲೆ ಹೋದರೂ ತಡೆದುಕೊಳ್ಳಬೇಕು ಎಂಬ ಲೆಕ್ಕ ಅದು. ಇವರು ಬೆಲೆ ನೋಡಿ ಒಂದು ಗಳಿಗೆ ಸುಮ್ಮನಾದರು. ಆಮೇಲೆ ತಾವೇ ಟೇಪು ಹಿಡಿದುಕೊಂಡು ಅಳತೆಗೆ ಹೊರಟರು.

ಅಕ್ಟೋಬರ್ 5, ಶನಿವಾರ

ಹೊದಿಕೆ ಬಂತು, ಕೂರಿಸಿಯೂ ಆಯಿತು. ಕೊಳದ ಸುತ್ತಲಿನ ಕಾಂಕ್ರೀಟಿಗೆ ತೂತು ಕೊರೆದು ಹಿತ್ತಾಳೆಯ ಆಂಕರುಗಳನ್ನು ಬಡಿದು ಕೂರಿಸಿದರು. ಪ್ರತಿ ಆಂಕರಿನೊಳಗೂ ಒಂದು ತಿರುಪು. ಬೇಸಿಗೆಯಲ್ಲಿ ಅದನ್ನು ಕೆಳಗಿಳಿಸಿದರೆ ನೆಲಕ್ಕೆ ಸಮನಾಗುತ್ತದೆ, ಬರಿಗಾಲಿಗೆ ತಾಗುವುದಿಲ್ಲ. ಚಳಿಗಾಲಕ್ಕೆ ಅಲೆನ್ ಕೀ ಹಾಕಿ ತಿರುಗಿಸಿದರೆ ಮೇಲೇಳುತ್ತದೆ, ಅದರ ತಲೆಗೆ ಹೊದಿಕೆಯ ಪಟ್ಟಿಯ ಸ್ಪ್ರಿಂಗ್ ಸಿಕ್ಕಿಸಬೇಕು. ಇವತ್ತಿನದು ಪರೀಕ್ಷೆಗೆ ಮಾತ್ರ, ಮತ್ತೆ ಮಡಚಿ ಗರಾಜಿನಲ್ಲಿಟ್ಟೆವು.

ನಾವು ಆರಿಸಿದ್ದು ಜಾಲರಿಯದು. ಗಟ್ಟಿ ಬಟ್ಟೆಯದಾದರೆ ಮೇಲೆ ನಿಂತ ನೀರನ್ನು ಪಂಪಿನಿಂದ ತೆಗೆಯುತ್ತಲೇ ಇರಬೇಕು. ಜಾಲರಿಯಲ್ಲಿ ಮಳೆ, ಕರಗಿದ ಹಿಮ ಎಲ್ಲ ಕೆಳಗಿಳಿಯುತ್ತದೆ, ಮೇಲೆ ನೀರು ನಿಲ್ಲುವುದಿಲ್ಲ. ಸಣ್ಣ ಧೂಳೂ ಜೊತೆಗೆ ಇಳಿಯುತ್ತದೆ, ಏಪ್ರಿಲ್‌ನಲ್ಲಿ ತೆರೆದಾಗ ಉಜ್ಜುವ ಕೆಲಸ ಹೆಚ್ಚು. ಆ ಕೆಲಸ ನಾನು ಮಾಡಿಕೊಳ್ಳುತ್ತೇನೆ.

ಅಕ್ಟೋಬರ್ 11, ಶುಕ್ರವಾರ

ಆಯುಧಪೂಜೆ. ಕಾರುಗಳಾದ ಮೇಲೆ ಕೊಳದ ಪಂಪಿಗೂ ಫಿಲ್ಟರಿಗೂ ಅರಿಸಿನ ಕುಂಕುಮ ಇಟ್ಟು, ಚೆಂಡುಹೂ ಏರಿಸಿದೆ. ಮೇ ತಿಂಗಳಿಂದ ಒಂದು ದಿನವೂ ಕೈಕೊಡದೆ ಓಡಿದ ಯಂತ್ರ.

ಅಕ್ಟೋಬರ್ 18, ಶುಕ್ರವಾರ

ಈ ತಿಂಗಳು ಒಂದು ಹನಿ ಮಳೆ ಇಲ್ಲ. ಹುಲ್ಲು ನಡೆದರೆ ಮುರಿಯುತ್ತದೆ. ನಿನ್ನೆ ಇಡೀ ರಾಜ್ಯಕ್ಕೆ ಬರದ ಮುನ್ಸೂಚನೆ ಹೊರಡಿಸಿ, ನೀರು ಮಿತವಾಗಿ ಬಳಸಿ ಎಂದು ಕೇಳಿಕೊಂಡಿದ್ದಾರೆ. ಇಂಥ ಹೊತ್ತಿನಲ್ಲಿ ಕೊಳ ಮುಚ್ಚುವ ಪದ್ಧತಿ ಏನು ಹೇಳುತ್ತದೆ? ನೀರನ್ನು, ಮೇಲೆ ತೇಲುವ ಕಸ ಎಳೆದುಕೊಳ್ಳುವ ಸ್ಕಿಮ್ಮರಿನ ಬಾಯಿಗಿಂತ ಕೆಳಕ್ಕೆ, ಒಂದೂವರೆ ಅಡಿಯವರೆಗೂ ಇಳಿಸಿ ಎನ್ನುತ್ತದೆ.

ಕಾಗದ ಹಿಡಿದು ಲೆಕ್ಕ ಹಾಕಿದೆ. ನಮ್ಮದು 16 ಅಡಿ ಅಗಲ, 32 ಅಡಿ ಉದ್ದ. ಒಂದು ಇಂಚು ಇಳಿಸಿದರೆ ಸುಮಾರು 1,200 ಲೀಟರ್ ಹೋಗುತ್ತದೆ. 18 ಇಂಚಿಗೆ 21,000 ಲೀಟರಿಗೂ ಮೇಲೆ. ಬೆಂಗಳೂರಿನಲ್ಲಿ ತಂಗಿಯ ಅಪಾರ್ಟ್‌ಮೆಂಟಿಗೆ ಬರುವ ದೊಡ್ಡ ಟ್ಯಾಂಕರ್ 12,000 ಲೀಟರಿನದು. ಹೆಚ್ಚುಕಡಿಮೆ ಅಂಥ ಎರಡು ಟ್ಯಾಂಕರ್ ನೀರು ಮೋರಿಗೆ! ಈ ಮಾರ್ಚ್‌ನಲ್ಲಿ ಅಲ್ಲಿ ಕೊಳವೆಬಾವಿಗಳು ಬತ್ತಿದಾಗ ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಮಾಡಿತ್ತು. ಆಗ ತಂಗಿ ಫೋನಿನಲ್ಲಿ, “ಅಕ್ಕಾ, ಪಾತ್ರೆ ತೊಳೆದ ನೀರನ್ನೂ ಎತ್ತಿಡ್ತಿದ್ದೀವಿ ಕಣೆ” ಅಂದಿದ್ದಳು. ಅವಳ ಮುಖ ನೆನೆದುಕೊಂಡು ಇಷ್ಟು ನೀರು ಚೆಲ್ಲುವುದು ನನ್ನಿಂದಾಗದು.

ಹಾಗಂತ ಇಳಿಸದೆ ಬಿಟ್ಟರೆ ಸ್ಕಿಮ್ಮರ್ ಒಡೆಯುತ್ತದೆ. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡ ನೀರಿಗೆ ಹಿಗ್ಗಲು ಜಾಗವಿಲ್ಲದಿದ್ದರೆ ಪೆಟ್ಟಿಗೆಯನ್ನೇ ಸೀಳುತ್ತದೆ. ಪಕ್ಕದ ಮನೆಯ ಹಿರಿಯರು ಇದಕ್ಕೊಂದು ದಾರಿ ತೋರಿಸಿದರು. ಜೀವನವಿಡೀ ಪ್ಲಂಬಿಂಗ್ ಮಾಡಿ ನಿವೃತ್ತರಾದವರು. ಸ್ಕಿಮ್ಮರಿನ ಬಾಯಿಗೆ ಒಂದು ಚೌಕಟ್ಟು ಕೂರಿಸಿ, ಮೇಲೆ ಡಬ್ಬಿಯ ಮುಚ್ಚಳದಂತೆ ರಬ್ಬರಿನ ಮುಚ್ಚಳ ಒತ್ತಿಬಿಟ್ಟರೆ ಕೊಳದ ನೀರು ಅದರೊಳಗೆ ಬರುವುದಿಲ್ಲ. ಒಳಗಿರುವಷ್ಟನ್ನು ಹೀರಿ ತೆಗೆದರಾಯಿತು, ಕೊಳ ಇದ್ದ ಮಟ್ಟದಲ್ಲೇ ಇರಬಹುದು. ಇವತ್ತೇ ತರಿಸಲು ಹೇಳಿದೆ.

ಪೂರ್ತಿ ಖಾಲಿ ಮಾಡಿಬಿಟ್ಟರೆ ರಗಳೆಯೇ ಇಲ್ಲವಲ್ಲ ಎಂದು ಅಳಿಯ ಕೇಳಿದ. ಅದು ಎಲ್ಲಕ್ಕಿಂತ ಕೆಟ್ಟದ್ದು. ಹೊರಗಿನ ಮಣ್ಣಿನಲ್ಲಿರುವ ನೀರು ಕೊಳದ ತಳವನ್ನು ಕೆಳಗಿನಿಂದ ಒತ್ತುತ್ತಿರುತ್ತದೆ. ಒಳಗಿನ ನೀರಿನ ಭಾರವೇ ಅದನ್ನು ತಡೆದು ಹಿಡಿಯುವುದು. ಖಾಲಿ ಕೊಳದಲ್ಲಿ ನಮ್ಮಂಥ ವಿನೈಲ್ ಹಾಸು ಉಬ್ಬಿ ಜಾಗ ಬಿಡುತ್ತದೆ, ಕುಗ್ಗಿ ಹರಿಯುತ್ತದೆ. ಕಾಂಕ್ರೀಟಿನ ಕೊಳವಾದರೆ ಜೋರು ಮಳೆಯಲ್ಲಿ ನೆಲದಿಂದ ಮೇಲೆದ್ದದ್ದೂ ಉಂಟು.

ಅಕ್ಟೋಬರ್ 26, ಶನಿವಾರ

ನೀರು 60ಕ್ಕೆ ಬಂತು. ಬೆಳಿಗ್ಗೆಯಿಂದ ಅದರ ಶುಶ್ರೂಷೆ.

ಮೊದಲು ಗೋಡೆ, ಮೆಟ್ಟಿಲು ಉಜ್ಜಿದೆವು. ತಳದ ಎಲೆಗಳನ್ನು ಬಲೆಯಲ್ಲಿ ತೆಗೆದೆವು. ಓಕ್ ಎಲೆ ತಳದಲ್ಲಿ ಉಳಿದರೆ ನಾಲ್ಕು ತಿಂಗಳಲ್ಲಿ ಅದರ ಒಗರು ಬಿಟ್ಟುಕೊಂಡು ನೀರು ಕಷಾಯದ ಬಣ್ಣಕ್ಕೆ ತಿರುಗುತ್ತದೆ, ಹಾಸಿನ ಮೇಲೆ ಕಲೆ ನಿಲ್ಲುತ್ತದೆ. ಪರೀಕ್ಷೆಯಲ್ಲಿ ಪಿಎಚ್ 7.4, ಆಲ್ಕಲಿನಿಟಿ 100. ಎರಡೂ ಸರಿ, ಮುಟ್ಟಲಿಲ್ಲ. ಹೊತ್ತು ಮುಳುಗಿದ ಮೇಲೆ ಕ್ಲೋರಿನ್ ಜಾಸ್ತಿ ಪ್ರಮಾಣದಲ್ಲಿ ಹಾಕಿದೆವು. ಬಿಸಿಲಿಗೆ ಹಾಕಿದರೆ ಅರ್ಧ ಬಿಸಿಲಿಗೇ ಹೋಗುತ್ತದೆ. ಪಾಚಿಯ ಔಷಧ ಈಗಲೇ ಬೇಡ, ಕ್ಲೋರಿನ್ ಹೆಚ್ಚಿದ್ದಾಗ ಅದೂ ಮುರಿದುಹೋಗುತ್ತದೆ. ಮುಂದಿನ ವಾರಕ್ಕೆ ಇರಲಿ.

ಮಿಕ್ಕ ರಾಸಾಯನಿಕಗಳನ್ನು ಬೇರೆ ಬೇರೆ ಮೂಲೆಗೆ ಸಾಗಿಸಿದ್ದೇನೆ. ಪುಡಿ ಕ್ಲೋರಿನ್ ಒಂದು ಕಡೆ, ಮಾತ್ರೆಯ ಕ್ಲೋರಿನ್ ಇನ್ನೊಂದು ಕಡೆ, ಆಸಿಡ್ ಶೆಡ್ಡಿನಿಂದಲೇ ಆಚೆ. ಹೆಸರು ಎರಡಕ್ಕೂ ಕ್ಲೋರಿನ್ ಎಂದೇ ಇದ್ದರೂ ಪುಡಿ ಮತ್ತು ಮಾತ್ರೆ ಒಂದಕ್ಕೊಂದು ಬೆರೆತರೆ ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು. ಒಂದೇ ಚಮಚ ಎರಡಕ್ಕೂ ಹಾಕಬಾರದು ಎಂದು ಡಬ್ಬಿಗಳ ಮೇಲೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಅಂಟಿಸಿದೆ.

ಸ್ಕಿಮ್ಮರಿನ ಬುಟ್ಟಿ ಎತ್ತಿದಾಗ ಎಲೆಗಳ ಕೆಳಗೆ ಏನೋ ಮಿಸುಕಿತು. ಮುಷ್ಟಿಯಷ್ಟು ದೊಡ್ಡ ನೆಲಗಪ್ಪೆ, ಕಂದು ಮೈ ತುಂಬ ಗಂಟುಗಂಟು, ಗಂಟಲು ಮಾತ್ರ ಪಟಪಟ ಬಡಿದುಕೊಳ್ಳುತ್ತಿತ್ತು. ಬೊಗಸೆಯಲ್ಲಿ ಎತ್ತಿ ಸೌದೆ ರಾಶಿಯ ಹತ್ತಿರ ಬಿಟ್ಟೆ. ಕೊಳದ ನುಣುಪು ಗೋಡೆ ಹತ್ತಲು ಈ ಜೀವಗಳಿಗೆ ಆಗುವುದಿಲ್ಲ. ಮೇರಿಲ್ಯಾಂಡಿನ ವನ್ಯಜೀವಿ ತಜ್ಞ ರಿಚ್ ಮೇಸನ್ ಇದಕ್ಕೆಂದೇ ತೇಲುವ ಸಣ್ಣ ಇಳಿಜಾರು ಮೆಟ್ಟಿಲೊಂದನ್ನು ರೂಪಿಸಿದ್ದಾರೆ. ಕಪ್ಪೆ, ಚಿಪ್‌ಮಂಕ್, ಅಳಿಲು ಅದನ್ನು ಹಿಡಿದು ದಡ ಸೇರುತ್ತವೆ. ನಮ್ಮದನ್ನು ಹೊದಿಕೆ ಹಾಕುವ ದಿನದವರೆಗೂ ತೆಗೆಯುವುದಿಲ್ಲ.

ಅಕ್ಟೋಬರ್ 30, ಬುಧವಾರ

ಇವತ್ತು ಸಂಜೆ ನೀರು ತುಂಬುವ ಹಬ್ಬ. ಸಾಗರದ ಮನೆಯಲ್ಲಿ ಬಚ್ಚಲ ಹಂಡೆ ತಿಕ್ಕಿ, ಕೊರಳಿಗೆ ಹಿಂಡಲೆಕಾಯಿ ಬಳ್ಳಿ ಕಟ್ಟಿ, ಬಾವಿಯಿಂದ ನೀರು ಸೇದಿ ತುಂಬಿದ್ದಾರೆ. ಅಮ್ಮ ವಿಡಿಯೋದಲ್ಲಿ ತೋರಿಸಿದರು. ನಾನಿಲ್ಲಿ ತಾಮ್ರದ ಚೊಂಬು ಬೆಳಗಿ ನೀರು ತುಂಬಿಟ್ಟೆ. “ನೀವು ಅಲ್ಲಿ ನೀರು ಖಾಲಿ ಮಾಡ್ತಾ ಇದ್ದೀರಂತೆ?” ಎಂದು ಅಮ್ಮ ಕೇಳಿದರು. ಇಲ್ಲ, ಈ ಸಲ ಉಳಿಸಿಕೊಳ್ಳುತ್ತಿದ್ದೇವೆ ಅಂದೆ. ಆ ಮಾತು ಹೇಳುವಾಗ ಸಂತೋಷವಾಯಿತು.

ನಾಳೆ ನರಕ ಚತುರ್ದಶಿ, ಇಲ್ಲಿಯವರಿಗೆ ಹ್ಯಾಲೋವೀನ್. ಬೀದಿಯ ಮಕ್ಕಳೆಲ್ಲ ವೇಷ ಹಾಕಿ ಕತ್ತಲಲ್ಲಿ ಮನೆಮನೆ ಸುತ್ತುತ್ತಾರೆ. ಹಿತ್ತಿಲ ಗೇಟಿಗೆ ಬೀಗ ಹಾಕಿ, ದೀಪ ಹಚ್ಚಿಟ್ಟಿದ್ದೇನೆ.

ನವೆಂಬರ್ 3, ಭಾನುವಾರ

ದೊಡ್ಡ ಕೆಲಸ ಮುಗಿಯಿತು: ಪೈಪುಗಳಿಂದ ನೀರು ಹೊರಗೆ.

ಇಲ್ಲಿ ನೆಲ ಸುಮಾರು ಮೂರಡಿಯವರೆಗೂ ಹೆಪ್ಪುಗಟ್ಟಬಹುದು ಎಂದೇ ಕಟ್ಟಡದ ಪಾಯ ಅಷ್ಟು ಆಳ ತೋಡುತ್ತಾರೆ. ನಮ್ಮ ಕೊಳದ ಪೈಪುಗಳು ಒಂದೂವರೆ ಅಡಿ ಕೆಳಗಿವೆ ಅಷ್ಟೆ. ಅವುಗಳಲ್ಲಿ ನೀರು ಉಳಿದರೆ ಜನವರಿಯಲ್ಲಿ ಸೀಳುತ್ತವೆ, ಗೊತ್ತಾಗುವುದು ಮೇ ತಿಂಗಳಲ್ಲಿ. ಆಗ ಕಾಂಕ್ರೀಟ್ ಒಡೆಯಬೇಕು.

ಪಕ್ಕದ ಮನೆಯ ಹಿರಿಯರು ಬಂದರು. ಟೈರಿಗೆ ಗಾಳಿ ತುಂಬುವ ಕಂಪ್ರೆಸರ್ ಬೇಡ ಎಂಬುದು ಅವರ ಅನುಭವ. ಅದರಲ್ಲಿ ಒತ್ತಡ ಹೆಚ್ಚು, ಗಾಳಿಯ ಪ್ರಮಾಣ ಕಡಿಮೆ, ಪೈಪಿನ ಕೀಲು ಬಿಟ್ಟುಕೊಳ್ಳಬಹುದು. ಅವರು ತಂದದ್ದು ವರ್ಕ್‌ಶಾಪಿನ ದೊಡ್ಡ ವ್ಯಾಕ್ಯೂಮ್. ಮೊದಲು ಅದರಿಂದಲೇ ಮುಚ್ಚಳ ಹಾಕಿದ ಸ್ಕಿಮ್ಮರಿನೊಳಗಿನ ನೀರು ಹೀರಿದರು. ಆಮೇಲೆ ಕೊಳವೆಯನ್ನು ಗಾಳಿ ಊದುವ ಬಾಯಿಗೆ ಸಿಕ್ಕಿಸಿ ಪಂಪಿನ ಹತ್ತಿರ ಜೋಡಿಸಿದರು. ಸ್ಕಿಮ್ಮರಿನ ತಳದಲ್ಲಿ ಗೊಳಗೊಳ ಸದ್ದಾಗಿ, ಉಳಿದ ನೀರು ಚಿಮ್ಮಿ, ಕೊನೆಗೆ ಬರೀ ಗಾಳಿ ಬಂತು. ತಕ್ಷಣ ಅಲ್ಲಿಗೆ ಟೊಳ್ಳು ಪ್ಲಾಸ್ಟಿಕ್ಕಿನ ಉದ್ದನೆಯ ಬಿರಡೆ ತಿರುಗಿಸಿದೆವು. ಒಳಗೆ ಅಷ್ಟಿಷ್ಟು ಹೆಪ್ಪುಗಟ್ಟಿದರೂ ಆ ಬಿರಡೆ ತಾನು ಕುಗ್ಗಿ ಸ್ಕಿಮ್ಮರನ್ನು ಉಳಿಸುತ್ತದೆ.

ತಳದ ಡ್ರೇನಿಗೆ ಬಿರಡೆ ಹಾಕಲಾಗುವುದಿಲ್ಲ, ಎಂಟಡಿ ಆಳದಲ್ಲಿದೆ. ಗಾಳಿ ಊದುತ್ತ ನಿಂತೆವು. ಒಂದು ನಿಮಿಷದ ಮೇಲೆ ಆಳದಿಂದ ದೊಡ್ಡ ಗುಳ್ಳೆಗಳು ಎದ್ದವು. ಆ ಗಳಿಗೆಯಲ್ಲೇ ವಾಲ್ವ್ ಮುಚ್ಚಿದರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ, ನೀರು ಮತ್ತೆ ಮೇಲೇರುವುದಿಲ್ಲ. ಈ ಡ್ರೇನಿನ ಮುಚ್ಚಳವನ್ನು ಕಂಡಾಗಲೆಲ್ಲ ವರ್ಜೀನಿಯಾ ಗ್ರೇಮ್ ಬೇಕರ್ ಎಂಬ ಏಳು ವರ್ಷದ ಹುಡುಗಿಯ ನೆನಪಾಗುತ್ತದೆ. 2002ರಲ್ಲಿ ಬಿಸಿನೀರ ತೊಟ್ಟಿಯೊಂದರ ಡ್ರೇನಿನ ಸೆಳೆತಕ್ಕೆ ಸಿಕ್ಕಿ ತೀರಿಕೊಂಡಳು. ಅವಳ ತಾಯಿಯ ಹೋರಾಟದಿಂದ 2007ರಲ್ಲಿ ಅವಳ ಹೆಸರಿನಲ್ಲೇ ಕಾನೂನು ಬಂತು. ಅಮೆರಿಕದಲ್ಲಿ ಮಾರುವ ಡ್ರೇನ್ ಮುಚ್ಚಳಗಳೆಲ್ಲ ಈಗ ಮಾನಕಕ್ಕೆ ತಕ್ಕಂತಿರಬೇಕು. ನಮ್ಮದನ್ನು ತೆರೆಯುವ ಕಾಲಕ್ಕೂ ಮುಚ್ಚುವ ಕಾಲಕ್ಕೂ ಬಿರುಕು ಬಿಟ್ಟಿದೆಯೇ ಎಂದು ನೋಡುತ್ತೇವೆ.

ಕೊನೆಗೆ ನೀರು ಕೊಳಕ್ಕೆ ಮರಳುವ ಬಾಯಿಗಳು. ನೀರಿನ ಮಟ್ಟ ಇಳಿಸಿಲ್ಲವಾದ್ದರಿಂದ ಅವು ಮುಳುಗಿಯೇ ಇದ್ದವು. ನಮ್ಮ ಯಜಮಾನರು ಬೋರಲು ಮಲಗಿ ಭುಜದವರೆಗೂ ತೋಳನ್ನು ನೀರಿಗಿಳಿಸಿ, ಗುಳ್ಳೆ ಬರುತ್ತಿರುವಾಗಲೇ ರಬ್ಬರ್ ಬಿರಡೆ ತುರುಕಿ ತಿರುಗಿಸಿ ಬಿಗಿಮಾಡಿದರು. ಗುಳ್ಳೆ ನಿಂತರೆ ನೀರು ಒಳನುಗ್ಗುತ್ತದೆ, ಕೈ ಚುರುಕಾಗಬೇಕು. ತೋಳು ಕೆಂಪಗಾಗಿತ್ತು. ಶುಂಠಿ ಕಾಫಿ ಕೊಟ್ಟು ಹೀಟರಿನ ಮುಂದೆ ಕೂರಿಸಿದೆ.

ಪಂಪಿನ ಎರಡೂ ಡ್ರೇನ್ ಬಿರಡೆ ಬಿಚ್ಚಿ, ಕಳೆಯದಿರಲೆಂದು ಪಂಪಿನ ಬುಟ್ಟಿಯೊಳಗೇ ಹಾಕಿಟ್ಟಿದ್ದೇವೆ. ಇದಕ್ಕೆ ಮೊದಲು ನಿನ್ನೆ ಫಿಲ್ಟರನ್ನು ಬ್ಯಾಕ್‌ವಾಶ್ ಮಾಡಿದ ನೀರು 600 ಲೀಟರಿನಷ್ಟಿತ್ತು. ಕ್ಲೋರಿನ್ ಸೊನ್ನೆಯ ಹತ್ತಿರ ಇಳಿದದ್ದನ್ನು ನೋಡಿಕೊಂಡೇ ಮೇಪಲ್ ಮತ್ತು ಹೈಡ್ರೇಂಜಿಯಾ ಬುಡಕ್ಕೆ ಹರಿಸಿದೆ, ಬೀದಿಯ ಮೋರಿಗೆ ಬಿಡಲಿಲ್ಲ. ಆ ಮೋರಿ ಸೇರುವುದು ತೊರೆಗೆ. ಪಾಚಿಯ ಔಷಧವನ್ನೂ ಆಗಲೇ ಹಾಕಿ, ಪಂಪು ಇಡೀ ರಾತ್ರಿ ಓಡಿಸಿದ್ದಾಯಿತು. ಅನುಮಾನವಿದ್ದ ಒಂದು ಪೈಪಿಗೆ ಗುಲಾಬಿ ಬಣ್ಣದ ಆ್ಯಂಟಿಫ್ರೀಜ್ ಸುರಿದೆವು. ಪ್ರೊಪಿಲೀನ್ ಗ್ಲೈಕಾಲ್ ಇರುವ, ಕೊಳಕ್ಕೆಂದೇ ಮಾಡಿದ್ದು. ಕಾರಿನದ್ದನ್ನು ಇಲ್ಲಿ ಹಾಕಲೇಬಾರದು. ಸಾಮಾನ್ಯವಾಗಿ ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ನಾಯಿ ಬೆಕ್ಕುಗಳಿಗೂ ಮನುಷ್ಯರಿಗೂ ವಿಷ.

ನವೆಂಬರ್ 10, ಭಾನುವಾರ

ಹೊದಿಕೆ ಹಾಕಿದೆವು. ಗಾಳಿಯಲ್ಲಿ ಹೊಗೆಯ ವಾಸನೆ. ಉತ್ತರದಲ್ಲಿ, ನ್ಯೂಯಾರ್ಕಿನ ಗಡಿಯ ಕಾಡು ಶುಕ್ರವಾರದಿಂದ ಉರಿಯುತ್ತಿದೆ, ಜೆನ್ನಿಂಗ್ಸ್ ಕ್ರೀಕ್ ಬೆಂಕಿ ಎನ್ನುತ್ತಿದ್ದಾರೆ. ಅಕ್ಟೋಬರ್ ತಿಂಗಳು ಈ ರಾಜ್ಯದಲ್ಲಿ 1895ರಲ್ಲಿ ದಾಖಲೆ ಇಡತೊಡಗಿದಾಗಿನಿಂದ ಎಲ್ಲ ತಿಂಗಳುಗಳಿಗಿಂತ ಒಣ ತಿಂಗಳಂತೆ. ಹಿತ್ತಿಲಲ್ಲಿ ತುಂಬಿದ ಕೊಳ ಇದೆ ಎಂಬುದು ಇಂಥ ದಿನ ಧೈರ್ಯ ಕೊಡುತ್ತದೆ.

ಕಪ್ಪೆಯ ಮೆಟ್ಟಿಲು ತೆಗೆದೆ. ಮಗಳು, ಅಳಿಯ ಆ ತುದಿ ಹಿಡಿದರು, ನಾವು ಈ ತುದಿ. ಸ್ಪ್ರಿಂಗ್ ಎಳೆಯಲು ಒಂದು ಕಬ್ಬಿಣದ ಕೋಲು ಕೊಟ್ಟಿದ್ದಾರೆ. ಕೋಲಿನ ತುದಿಯ ಕಚ್ಚಿನಲ್ಲಿ ಸ್ಪ್ರಿಂಗಿನ ಉಂಗುರ ಸಿಕ್ಕಿಸಿ, ಆಂಕರಿನ ತಲೆಯ ಮೇಲೆ ಊರಿ, ಮೈಭಾರ ಹಾಕಿ ಹಿಂದಕ್ಕೆ ಬಾಗಿಸಿದರೆ ಉಂಗುರ ಜಾರಿ ಆಂಕರಿಗೆ ಕಚ್ಚಿಕೊಳ್ಳುತ್ತದೆ. ಎದುರುಬದುರು ಪಟ್ಟಿಗಳನ್ನು ಜೋಡಿಯಾಗಿ ಸಿಕ್ಕಿಸುತ್ತ ಹೋಗಬೇಕು, ಇಲ್ಲದಿದ್ದರೆ ಬಟ್ಟೆ ಒಂದು ಕಡೆಗೆ ಎಳೆದುಕೊಳ್ಳುತ್ತದೆ. ಎಲ್ಲ ಸ್ಪ್ರಿಂಗುಗಳೂ ಅರ್ಧದಷ್ಟು ಬಿಗಿದುಕೊಂಡಿವೆಯೇ ಎಂದು ಸುತ್ತಿ ನೋಡಿದೆ. ಹಿಮ ಬಿದ್ದಾಗ ಹೊದಿಕೆ ತಗ್ಗಿ ನೀರಿನ ಮೇಲೆ ಕೂರುತ್ತದೆ, ಭಾರ ಹೊರುವುದು ಕೆಳಗಿನ ನೀರೇ. ಮಟ್ಟ ಇಳಿಸದೇ ಇದ್ದದ್ದರಿಂದ ಆ ಒಂದು ಲಾಭವೂ ಆಯಿತು.

ಪುಟ್ಟಿಯನ್ನು ಮಗಳು ಕಂಕುಳಲ್ಲೇ ಎತ್ತಿಕೊಂಡಿದ್ದಳು. ಹೊದಿಕೆ ಇದೆಯೆಂದು ಅದರ ಮೇಲೆ ನಡೆಯಲು ಬಿಡಕೂಡದು, ಅದು ಆಟದ ಜಾಗ ಎಂಬ ಅಭ್ಯಾಸ ಬೀಳಬಾರದು ಎಂದು ಮೊದಲೇ ಹೇಳಿದ್ದೆ. ರಾತ್ರಿ ಸ್ವಲ್ಪ ಮಳೆ ಹನಿಯಿತು, ನೆಲದ ಧೂಳು ಅಡಗುವಷ್ಟು.

ನವೆಂಬರ್ 14, ಗುರುವಾರ

ನಿನ್ನೆ ರಾಜ್ಯಪಾಲರು ಬರದ ಎಚ್ಚರಿಕೆಯನ್ನು ಒಂದು ಹಂತ ಏರಿಸಿದ್ದಾರೆ. ಬೀದಿಯ ತುದಿಯ ಮನೆಯೊಂದರಿಂದ ಕೊಳದ ನೀರು ಇನ್ನೂ ರಸ್ತೆಯಂಚಿನಲ್ಲಿ ಹರಿಯುತ್ತಿದೆ. ಮನೆಯವರಿಗೆ ಸ್ಕಿಮ್ಮರಿನ ಮುಚ್ಚಳದ ವಿಷಯ ಹೇಳಿ ಬಂದೆ. ಅಂಥದ್ದೊಂದಿದೆ ಎಂದೇ ಗೊತ್ತಿರಲಿಲ್ಲ ಅಂದರು, ಫೋಟೊ ತೆಗೆದುಕೊಂಡರು.

ನವೆಂಬರ್ 22, ಶುಕ್ರವಾರ

ಕೊನೆಗೂ ಮಳೆ. ಬುಧವಾರ ರಾತ್ರಿಯಿಂದ ಸುರಿಯಿತು, ಉತ್ತರದ ಗುಡ್ಡಗಳಲ್ಲಿ ಹಿಮವಂತೆ. ಜಾಲರಿಯ ಮೇಲೆ ಒಂದು ಹನಿಯೂ ನಿಂತಿಲ್ಲ, ಓಕ್ ಎಲೆಗಳು ಮಾತ್ರ ಒದ್ದೆಯಾಗಿ ಅಂಟಿಕೊಂಡಿವೆ. ಅಂಚು ಎತ್ತಿ ಅಳತೆಪಟ್ಟಿ ಇಳಿಸಿ ನೋಡಿದೆ: ಮಟ್ಟ ಒಂದೂವರೆ ಇಂಚು ಏರಿದೆ. ಹೀಗೇ ಏರುತ್ತ ಹೋದರೆ ಜನವರಿಯಲ್ಲಿ ಸ್ವಲ್ಪ ತೆಗೆಯಬೇಕಾಗಬಹುದು, ಆಗ ನೋಡೋಣ.

ಪಂಪಿನ ಬ್ರೇಕರ್ ಆಫ್ ಮಾಡಿ ಮೇಲೆ ಟೇಪು ಅಂಟಿಸಿದೆ. ಜಾರುಬಾಗಿಲಿಗೆ ಮೇಲ್ಗಡೆ, ಮಕ್ಕಳ ಕೈಗೆ ಎಟುಕದ ಎತ್ತರಕ್ಕೆ ಇನ್ನೊಂದು ಚಿಲಕ ಹಾಕಿಸಿದ್ದೇವೆ. ತಂಗಿ ನಿನ್ನೆ ಫೋನಿನಲ್ಲಿ, ಅವಳ ಮಗ ಪೆನ್ಸಿಲ್ವೇನಿಯಾದಲ್ಲಿ ಕೊಳವಿರುವ ಮನೆ ನೋಡುತ್ತಿದ್ದಾನೆ, ಏನು ಹೇಳಲಿ ಎಂದು ಕೇಳಿದಳು. ಮನೆ ಚೆನ್ನಾಗಿದ್ದರೆ ಕೊಳ್ಳಲಿ. ಆದರೆ ಹೊಸ ಸೋಫಾ, ಟಿವಿ ಎಲ್ಲ ಆಮೇಲೆ, ಮೊದಲ ಖರ್ಚು ಸೇಫ್ಟಿ ಕವರಿನದ್ದಾಗಿರಲಿ ಎಂದು ಹೇಳಿದ್ದೇನೆ.